ಬೆನ್ನುನೋವಿಗೆ ಅವಸರ ಸಲ್ಲದು: ಸ್ಟೀವ್ ಕೆರ್ ಅವರ ಬದುಕಿನ ಆರೋಗ್ಯಪಾಠ

ಬೆನ್ನುನೋವಿನಿಂದ ಬಳಲಿ ಬರುವವರು ಕೇಳುವ ಪ್ರಶ್ನೆಗಳಲ್ಲಿ ಒಂದು ಎಂದಿಗೂ ತಪ್ಪುವುದಿಲ್ಲ: “ಡಾಕ್ಟರೇ, ಆಪರೇಷನ್ ಮಾಡಿಸಲೇಬೇಕೆ?” ಕೆಲವರಿಗೆ ಶಸ್ತ್ರಚಿಕಿತ್ಸೆಯೆಂದರೆ ಭಯ, ಅಗತ್ಯವಿದ್ದಾಗಲೂ ಮುಂದೂಡುತ್ತಾರೆ. ಮತ್ತೆ ಕೆಲವರಿಗೆ ಸುಗ್ಗಿಯೋ ಮನೆಯ ಮದುವೆಯೋ ಎದುರಿಗಿರುತ್ತದೆ. ಹೇಗಾದರೂ ಬೇಗ ಮುಗಿದುಹೋಗಲೆಂದು ಬಯಸುತ್ತಾರೆ. ಭಯವೂ ಅವಸರವೂ ಒಳ್ಳೆಯ ಸಲಹೆಗಾರರಲ್ಲ. ಇದನ್ನು ಮನದಟ್ಟು ಮಾಡಿಕೊಳ್ಳಲು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಹಾಗೂ ತರಬೇತುದಾರ ಸ್ಟೀವ್ ಕೆರ್ ಅವರ ಜೀವನ ಬಹಳ ಉಪಯುಕ್ತವಾಗಿದೆ. ತಮ್ಮ ದೇಹಸ್ಥಿತಿಯನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿರುವುದರಿಂದ ನಾವೂ ಅದನ್ನು ಸಂಕೋಚವಿಲ್ಲದೆ ಚರ್ಚಿಸಬಹುದು.

ಕೆರ್ ಅವರು ಜನಿಸಿದ್ದು 1965ರಲ್ಲಿ, ಲೆಬನಾನಿನ ರಾಜಧಾನಿ ಬೈರುತ್‌ನಲ್ಲಿ. ತಂದೆ ಮಾಲ್ಕಮ್ ಕೆರ್ ಪಶ್ಚಿಮ ಏಷ್ಯಾದ ರಾಜಕೀಯವನ್ನು ಆಳವಾಗಿ ಬಲ್ಲ ವಿದ್ವಾಂಸರು. ಬೈರುತ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು. 1984ರ ಜನವರಿ 18ರಂದು ಬಂದೂಕುಧಾರಿಗಳು ಅವರನ್ನು ವಿಶ್ವವಿದ್ಯಾಲಯದಲ್ಲಿಯೇ ಗುಂಡಿಕ್ಕಿ ಕೊಂದರು. ಆಗ ಹದಿನೆಂಟು ವರ್ಷದ ಸ್ಟೀವ್ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ಎರಡೇ ದಿನಗಳ ನಂತರ ನಡೆದ ಪಂದ್ಯದಲ್ಲಿ ಆತ ಅಂಗಣಕ್ಕಿಳಿದು ಆಡಿದ. ಒಬ್ಬೊಬ್ಬರು ದುಃಖವನ್ನು ಒಂದೊಂದು ರೀತಿಯಲ್ಲಿ ಹೊರುತ್ತಾರೆ. ಆ ಹುಡುಗನಿಗೆ ಆಸರೆಯಾಗಿ ಒದಗಿದ್ದು ತನ್ನ ಆಟ ಮತ್ತು ತನ್ನ ತಂಡ.

ಶರೀರಬಲದಲ್ಲಿ ಆತ ಅಸಾಮಾನ್ಯನಾಗಿರಲಿಲ್ಲ. ಎತ್ತರ ಆರು ಅಡಿ ಮೂರು ಅಂಗುಲ. ನಮಗಿದು ಬಹಳವೆನಿಸಿದರೂ ಆ ಆಟದಲ್ಲಿ ಸಾಧಾರಣವೇ. ಓಟದಲ್ಲಿಯೂ ನೆಗೆತದಲ್ಲಿಯೂ ಮುಂದಿರಲಿಲ್ಲವಾದ್ದರಿಂದ ಕಾಲೇಜುಗಳು ಆತನಿಗಾಗಿ ಮುಗಿಬೀಳಲಿಲ್ಲ. ಇದ್ದ ಬಂಡವಾಳವೆಂದರೆ ದೂರದಿಂದ ಗುರಿಯಿಟ್ಟು ಚೆಂಡನ್ನು ಬುಟ್ಟಿಗೆ ಹಾಕುವ ಕೌಶಲ ಮತ್ತು ಅದಕ್ಕಾಗಿ ನಡೆಸುತ್ತಿದ್ದ ಎಡೆಬಿಡದ ಅಭ್ಯಾಸ. ತರಬೇತುದಾರ ಲೂಟ್ ಓಲ್ಸನ್ ಅವರ ಕೈಯಲ್ಲಿ ಈ ಕೌಶಲ ಪಳಗಿತು.

1986ರಲ್ಲಿ ಸ್ಪೇನ್ ದೇಶದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಕೆರ್ ಅಮೆರಿಕದ ತಂಡದಲ್ಲಿ ಆಯ್ಕೆಯಾದರು. ತಂಡ ಚಿನ್ನ ಗೆದ್ದಿತು. ಆದರೆ ಬ್ರೆಜಿಲ್ ವಿರುದ್ಧದ ಸೆಮಿಫೈನಲ್ ಪಂದ್ಯದಲ್ಲಿ ಅವರ ಮೊಣಕಾಲಿನ ಅಸ್ಥಿಬಂಧಗಳು ಹರಿದುಹೋದವು. ಮೂಳೆಗೆ ಮೂಳೆಯನ್ನು ಬಿಗಿದು ಕೀಲನ್ನು ಸ್ಥಿರವಾಗಿಡುವ ಬಲವಾದ ಪಟ್ಟಿಗಳೇ ಅಸ್ಥಿಬಂಧಗಳು. ಇವು ಹರಿದರೆ ಓಡುವಾತ ಥಟ್ಟನೆ ತಿರುಗಲಾರ, ನೆಗೆದವನು ಭದ್ರವಾಗಿ ನಿಲ್ಲಲಾರ. ಆ ಕಾಲದಲ್ಲಿ ಇಂತಹ ಗಾಯ ಅನೇಕ ಆಟಗಾರರ ಕ್ರೀಡಾಜೀವನವನ್ನೇ ಮುಗಿಸುತ್ತಿತ್ತು.

ಕೆರ್ 1986-87ರ ಇಡೀ ಹಂಗಾಮನ್ನು ಆಟವಿಲ್ಲದೆ ಕಳೆದರು. ಮೂರು ಅಂಕ ತರುವ ದೂರದ ಹೊಡೆತದ ನಿಯಮ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಎಲ್ಲೆಡೆ ಜಾರಿಗೆ ಬಂದದ್ದು ಅದೇ ಹಂಗಾಮಿನಲ್ಲಿ. ಅವರಿಗೆಂದೇ ಮಾಡಿದಂತಿದ್ದ ನಿಯಮ ಬಂದ ವರ್ಷ ಅವರು ಹೊರಗೆ ಕುಳಿತಿರಬೇಕಾಯಿತು. ಆದರೆ ಅವರು ಕಾದರು. ಶಸ್ತ್ರಚಿಕಿತ್ಸೆಯ ನಂತರ ಒಂದು ವರ್ಷ ಕಾಲಿನ ಸ್ನಾಯುಗಳನ್ನು ಮೆಲ್ಲಮೆಲ್ಲನೆ ಬಲಪಡಿಸಿಕೊಂಡು 1987-88ರಲ್ಲಿ ಮರಳಿದರು. ಆ ಹಂಗಾಮಿನಲ್ಲಿ 199 ದೂರದ ಹೊಡೆತಗಳಲ್ಲಿ 114 ಗುರಿ ಮುಟ್ಟಿದವು. ಅಂದರೆ ಶೇಕಡಾ 57.3. ಅರಿಜೋನಾ ತಂಡ ರಾಷ್ಟ್ರೀಯ ಸ್ಪರ್ಧೆಯ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಗಾಯಕ್ಕೆ ಸಲ್ಲಬೇಕಾದ ಕಾಲವನ್ನು ಸಲ್ಲಿಸಿದರೆ ದೇಹ ಅದನ್ನು ಬಡ್ಡಿಸಹಿತ ಹಿಂದಿರುಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1988ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಅವರು ಆಯ್ಕೆಯಾದದ್ದು 50ನೆಯ ಆಟಗಾರನಾಗಿ. ಹದಿನೈದು ಹಂಗಾಮುಗಳಲ್ಲಿ ಬಹುಪಾಲು ಪಂದ್ಯಗಳನ್ನು ಬೆಂಚಿನ ಮೇಲೆ ಕುಳಿತು ಆರಂಭಿಸಿದರು. ಕರೆ ಬಂದಾಗ ಎದ್ದು ಹೋಗಿ ಆಡಿದರು. ಆದರೂ ಐದು ಬಾರಿ ಚಾಂಪಿಯನ್ ತಂಡದಲ್ಲಿದ್ದರು: 1996, 1997, 1998ರಲ್ಲಿ ಶಿಕಾಗೊ ಬುಲ್ಸ್, 1999 ಮತ್ತು 2003ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್. 1997ರ ಅಂತಿಮ ಸರಣಿಯಲ್ಲಿ ಮೈಕೇಲ್ ಜೋರ್ಡನ್ ಕೊಟ್ಟ ಚೆಂಡನ್ನು ಬುಟ್ಟಿಗೆ ಸೇರಿಸಿ ಗೆಲುವು ತಂದವರು ಇವರೇ. 2003ರಲ್ಲಿ, 37ನೆಯ ವಯಸ್ಸಿನಲ್ಲಿ, ಬಹಳ ಹೊತ್ತು ಬೆಂಚಿನ ಮೇಲಿದ್ದವರು ಡಲ್ಲಾಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಎದ್ದುಬಂದು ನಾಲ್ಕು ದೂರದ ಹೊಡೆತಗಳನ್ನು ಗುರಿ ಮುಟ್ಟಿಸಿದರು. ಅವಕಾಶ ಸಿಗದ ದಿನಗಳಲ್ಲಿಯೂ ನಿತ್ಯದ ಅಭ್ಯಾಸವನ್ನು ಬಿಡದ ದೇಹ ಮಾತ್ರ ಹೀಗೆ ಕರೆದ ಕ್ಷಣದಲ್ಲಿ ಓಗೊಡಬಲ್ಲದು.

2014ರಲ್ಲಿ ಕೆರ್ ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಮುಖ್ಯ ತರಬೇತುದಾರರಾದರು. ಮೊದಲ ಹಂಗಾಮಿನಲ್ಲಿಯೇ ತಂಡ 67 ಪಂದ್ಯಗಳನ್ನು ಗೆದ್ದು, 40 ವರ್ಷಗಳ ನಂತರ ಚಾಂಪಿಯನ್ ಪಟ್ಟವನ್ನು ಪಡೆಯಿತು. ಆ ಸಂಭ್ರಮದ ನಡುವೆಯೇ, 2015ರ ಜೂನ್‌ನ ಅಂತಿಮ ಸರಣಿಯ ವೇಳೆ, ಅವರ ಬೆನ್ನಿನ ಡಿಸ್ಕ್ ಒಡೆಯಿತು. ಜುಲೈ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಬೆನ್ನುಹುರಿಯ ದ್ರವ ಸೋರತೊಡಗಿದ್ದರಿಂದ ಸೆಪ್ಟೆಂಬರ್‌ನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ. ತಲೆನೋವು, ಕತ್ತುನೋವು, ವಾಕರಿಕೆಗಳಿಂದ ನಿಲ್ಲಲಾಗದೆ ಅಕ್ಟೋಬರ್‌ನಲ್ಲಿ ರಜೆ ಪಡೆದರು.

ಇಲ್ಲಿ ಆದದ್ದೇನೆಂಬುದನ್ನು ಓದುಗರು ತಿಳಿಯಬೇಕು. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಹೊರಗೆ ಗಟ್ಟಿಯಾದ ನಾರಿನ ಬಳೆ, ಒಳಗೆ ಮೃದುವಾದ ತಿರುಳು. ಬಳೆ ಬಿರಿದಾಗ ತಿರುಳು ಹೊರಚಾಚಿ ಪಕ್ಕದ ನರವನ್ನು ಒತ್ತುತ್ತದೆ, ಕೆರಳಿಸುತ್ತದೆ. ಶಸ್ತ್ರವೈದ್ಯರು ಆ ಚಾಚಿದ ಭಾಗವನ್ನು ತೆಗೆಯುತ್ತಾರೆ. ಅದರ ಪಕ್ಕದಲ್ಲಿಯೇ ಮೆದುಳಿನಿಂದ ಬೆನ್ನಿನವರೆಗೆ ಇಳಿದುಬಂದ ಒಂದು ಪೊರೆಯ ಚೀಲವಿದ್ದು, ಅದರೊಳಗೆ ತಿಳಿಯಾದ ದ್ರವ ತುಂಬಿರುತ್ತದೆ. ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು 150 ಮಿಲಿಲೀಟರ್. ನೀರಿನಲ್ಲಿ ತೇಲುವ ಹಣ್ಣಿನಂತೆ ಮೆದುಳು ಈ ದ್ರವದಲ್ಲಿ ತೇಲುತ್ತಿರುತ್ತದೆ. ಪೊರೆಯಲ್ಲಿ ಸಣ್ಣ ರಂಧ್ರವಾಗಿ ದ್ರವ ಸೋರಿದರೆ ಮೆದುಳಿನ ಆಸರೆ ಕುಗ್ಗುತ್ತದೆ. ಎದ್ದು ಕುಳಿತರೆ ತಲೆ ಸಿಡಿಯುತ್ತದೆ, ಮಲಗಿದರೆ ಹಗುರವಾಗುತ್ತದೆ. ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಿ ನುರಿತ ಕೈಗಳಲ್ಲಿಯೂ ಕೆಲವೊಮ್ಮೆ ಉಂಟಾಗುವ ತೊಡಕಿದು. ಬಹುತೇಕರಲ್ಲಿ ಬೇಗ ಗುಣವಾಗುತ್ತದೆ. ಕೆರ್ ಅವರಿಗೆ ಹಾಗಾಗಲಿಲ್ಲ.

ಅವರು ಮರಳಿದ್ದು 2016ರ ಜನವರಿ 22ರಂದು. ಅಷ್ಟರಲ್ಲಿ 43 ಪಂದ್ಯಗಳು ಮುಗಿದಿದ್ದವು. ಸಹಾಯಕ ತರಬೇತುದಾರ ಲ್ಯೂಕ್ ವಾಲ್ಟನ್ ಅವರ ಹೊಣೆಯಲ್ಲಿ ತಂಡ ಅವುಗಳಲ್ಲಿ 39ನ್ನು ಗೆದ್ದಿತ್ತು. ಹಂಗಾಮು ಮುಗಿದಾಗ ಒಟ್ಟು 73 ಗೆಲುವು, 9 ಸೋಲು; ಎನ್‌ಬಿಎ ಇತಿಹಾಸದಲ್ಲಿಯೇ ದಾಖಲೆ. 2017ರ ಏಪ್ರಿಲ್‌ನಲ್ಲಿ ನೋವು ಮತ್ತೆ ಉಲ್ಬಣಿಸಿದಾಗ ಕೆರ್ ಪುನಃ ಹಿಂದೆ ಸರಿದರು. ಆಗ ಮೈಕ್ ಬ್ರೌನ್ ನಡೆಸಿದ 11 ಪಂದ್ಯಗಳನ್ನೂ ತಂಡ ಗೆದ್ದಿತು. ಅಂತಿಮ ಸರಣಿಯ ಎರಡನೆಯ ಪಂದ್ಯಕ್ಕೆ ಕೆರ್ ಮರಳಿದರು, ತಂಡ ಚಾಂಪಿಯನ್ ಆಯಿತು.

“ನಾನಿಲ್ಲದಿದ್ದರೆ ಕೆಲಸ ನಿಂತುಹೋಗುತ್ತದೆ” ಎಂಬುದು ನಮ್ಮ ಅನೇಕ ಮನೆಗಳ ಹಿರಿಯರ ಮಾತು. ಹೊಲ, ಅಂಗಡಿ, ಅಡುಗೆಮನೆ ಯಾವುದೇ ಇರಲಿ, ಈ ಒಂದು ಮಾತಿನಿಂದಲೇ ವಿಶ್ರಾಂತಿ ತಪ್ಪುತ್ತದೆ, ರೋಗ ಬಲಿಯುತ್ತದೆ. ಕೆರ್ ಅವರ ತಂಡ ಅವರಿಲ್ಲದೆಯೂ ಗೆದ್ದದ್ದು ಅವರ ಮಹತ್ವವನ್ನು ಕುಗ್ಗಿಸಲಿಲ್ಲ. ತಮ್ಮ ಕೆಲಸವನ್ನು ಇತರರಿಗೆ ಅವರು ಎಷ್ಟು ಚೆನ್ನಾಗಿ ಕಲಿಸಿದ್ದರೆಂಬುದನ್ನು ತೋರಿಸಿತು. ಆರು ವಾರ ಹೊಣೆ ಹೊರಬಲ್ಲ ಒಬ್ಬ ಮಗನನ್ನೋ ಸೊಸೆಯನ್ನೋ ತಯಾರು ಮಾಡಿಟ್ಟುಕೊಳ್ಳುವುದೂ ಆರೋಗ್ಯರಕ್ಷಣೆಯ ಒಂದು ಅಂಗವೇ ಸರಿ.

2017ರಲ್ಲಿ ಕೆರ್ ಪತ್ರಕರ್ತರೆದುರು ಬೆನ್ನುನೋವಿರುವವರನ್ನು ಉದ್ದೇಶಿಸಿ ಒಂದು ಸಲಹೆಯಿತ್ತರು. ಸಾಧ್ಯವಿದ್ದಷ್ಟು ಶಸ್ತ್ರಚಿಕಿತ್ಸೆಯಿಂದ ದೂರವಿರಿ, ವ್ಯಾಯಾಮಚಿಕಿತ್ಸೆಯನ್ನೇ ಮತ್ತೆ ಮತ್ತೆ ಮಾಡಿರಿ ಎಂಬುದು ಅದರ ಸಾರ. ನೊಂದವರ ಮಾತಿಗೆ ತೂಕವಿದೆ. ಆದರೆ ಒಬ್ಬರ ಅನುಭವ ಎಲ್ಲರಿಗೂ ನಿಯಮವಾಗಲಾರದು. ಅವರದೇ ಮೊಣಕಾಲು ಶಸ್ತ್ರಚಿಕಿತ್ಸೆಯಿಂದ ಸುಧಾರಿಸಿತೆಂಬುದನ್ನು ಮರೆಯಬಾರದು. ಸುಶ್ರುತರ ಪರಂಪರೆಗೆ ಸೇರಿದ ಆಯುರ್ವೇದ ಶಸ್ತ್ರಕ್ಕೆ ವಿರೋಧಿಯಲ್ಲ. ಯಾರಿಗೆ, ಯಾವಾಗ ಎಂಬುದೇ ನಿಜವಾದ ಪ್ರಶ್ನೆ.

ಮೊದಲು, ತಡಮಾಡಬಾರದ ಸಂದರ್ಭಗಳು. ಮೂತ್ರ ಕಟ್ಟುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು. ಗುದದ್ವಾರದ ಸುತ್ತ ಹಾಗೂ ತೊಡೆಯ ಒಳಭಾಗದಲ್ಲಿ ಸ್ಪರ್ಶಜ್ಞಾನ ಕುಂದುವುದು. ಪಾದವನ್ನು ಎತ್ತಲಾಗದಷ್ಟು ಕಾಲು ಬಲಹೀನವಾಗುವುದು. ಇವುಗಳಲ್ಲಿ ಒಂದು ಕಂಡರೂ ಎಣ್ಣೆ, ಲೇಪಗಳಿಗಾಗಿ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದು ದಿನದ ವಿಳಂಬವೂ ಶಾಶ್ವತ ಊನಕ್ಕೆ ಕಾರಣವಾಗಬಹುದು. ಬೆನ್ನುನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ವೃದ್ಧರು ಜಾರಿಬಿದ್ದ ನಂತರದ ನೋವು ಇವಿದ್ದಾಗಲೂ ಬೇಗನೆ ಪರೀಕ್ಷೆ ಆಗಬೇಕು.

ಈ ಯಾವ ಲಕ್ಷಣವೂ ಇಲ್ಲದಿದ್ದರೆ ಕಾಯುವುದಕ್ಕೆ ಅವಕಾಶವಿದೆ. ಡಿಸ್ಕ್ ಚಾಚಿ ಕಾಲಿಗೆ ಸೆಳೆತ ಬಂದವರಲ್ಲಿ ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ನೋವು ಗಣನೀಯವಾಗಿ ತಗ್ಗುತ್ತದೆ. ಹೊರಚಾಚಿದ ತಿರುಳನ್ನು ದೇಹದ ರಕ್ಷಣಾಕೋಶಗಳೇ ಕ್ರಮೇಣ ಕರಗಿಸುವುದುಂಟು. ಶಸ್ತ್ರಚಿಕಿತ್ಸೆಯಿಂದ ಕಾಲಿನ ಸೆಳೆತ ಬೇಗ ಇಳಿಯುತ್ತದೆ ಎಂಬುದು ನಿಜ. ವಾರಗಳು ಕಳೆದರೂ ನೋವು ಅಸಹನೀಯವಾಗಿಯೇ ಉಳಿದರೆ ಅದನ್ನು ಆಯ್ದುಕೊಳ್ಳುವುದು ತಪ್ಪಲ್ಲ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿ ವಾತವ್ಯಾಧಿಗಳ ನಡುವೆ ‘ಗೃಧ್ರಸಿ’ಯ ವರ್ಣನೆಯಿದೆ. ನಿತಂಬದಿಂದ ಹಿಡಿದು ಸೊಂಟ, ತೊಡೆ, ಮೊಣಕಾಲು, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುವ ನೋವು ಇದು. ಇಂದು ಸಯಾಟಿಕಾ ಎಂದು ಕರೆಯುವುದಕ್ಕೆ ಬಹಳ ಹತ್ತಿರ. ಅಭ್ಯಂಗ, ಸ್ವೇದನ, ಬಸ್ತಿಗಳು ಇದಕ್ಕೆ ಹೇಳಿದ ಚಿಕಿತ್ಸೆಗಳು. ಇವನ್ನು ಅರ್ಹ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡಿಸಬೇಕು. ನೋವು ತೀವ್ರವಾಗಿರುವಾಗ ಬೆನ್ನನ್ನು ತುಳಿಸುವುದು, ನೆಟಿಗೆ ಮುರಿಸುವುದು, ಬಲವಾಗಿ ಎಳೆಸುವುದು ಅಪಾಯಕರ.

ಮನೆಯಲ್ಲಿ ಅನುಸರಿಸಬೇಕಾದುದು ಸರಳ. ಒಂದೆರಡು ದಿನಗಳಿಗಿಂತ ಹೆಚ್ಚು ಹಾಸಿಗೆ ಹಿಡಿಯಬಾರದು, ಸ್ನಾಯುಗಳು ಸೊರಗುತ್ತವೆ. ನೋವು ತಡೆಯುವಷ್ಟು ದೂರ ದಿನಕ್ಕೆ ಹಲವು ಬಾರಿ ನಡೆಯಬೇಕು. ಮುಂದಕ್ಕೆ ಬಾಗಿ ಭಾರ ಎತ್ತುವುದನ್ನು, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವುದನ್ನು ಬಿಡಬೇಕು. ಮಲಬದ್ಧತೆಯಾಗದಂತೆ ಆಹಾರವಿರಬೇಕು, ಮುಕ್ಕುವುದರಿಂದ ಸೆಳೆತ ಹೆಚ್ಚುತ್ತದೆ. ಧೂಮಪಾನ ಡಿಸ್ಕಿನ ಪೋಷಣೆಯನ್ನು ಕುಗ್ಗಿಸುವುದರಿಂದ ಅದನ್ನು ತ್ಯಜಿಸಬೇಕು. ನೋವು ಇಳಿದ ಮೇಲೆ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಬಲ್ಲವರಿಂದ ಕಲಿತು ಮುಂದುವರಿಸಬೇಕು. ವಾಗ್ಭಟರು ಹೇಳಿದ ‘ಅರ್ಧಶಕ್ತಿ’ಯ ನಿಯಮ ಇಲ್ಲಿ ದಾರಿದೀಪ: ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ. ಹಣೆಯಲ್ಲಿ ಬೆವರೊಡೆದು ಬಾಯಿಯಿಂದ ಉಸಿರಾಡುವಂತಾದರೆ ಅಂದಿಗೆ ಸಾಕು.

ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಕುಳಿತಾಗ ಹೆಚ್ಚಿ ಮಲಗಿದಾಗ ಇಳಿಯುವ ತಲೆನೋವು, ಗಾಯದಿಂದ ತಿಳಿನೀರು ಒಸರುವುದು, ಕತ್ತು ಬಿಗಿಯುವುದು ಕಂಡುಬಂದರೆ ಮಾತ್ರೆ ನುಂಗಿ ಸುಮ್ಮನಿರದೆ ಕೂಡಲೇ ಶಸ್ತ್ರವೈದ್ಯರಿಗೆ ತಿಳಿಸಬೇಕು.

ಕೆರ್ ಅವರ ತಂಡ 2018 ಮತ್ತು 2022ರಲ್ಲಿ ಮತ್ತೆ ಚಾಂಪಿಯನ್ ಆಯಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ತರಬೇತಿಯಲ್ಲಿ ಅಮೆರಿಕದ ಪುರುಷರ ತಂಡ ಚಿನ್ನ ಗೆದ್ದಿತು. ದೇಹ ಬೇಡವೆಂದಾಗ ಅವರು ಎರಡು ಬಾರಿ ಕೆಲಸದಿಂದ ಹಿಂದೆ ಸರಿದಿದ್ದರು. ಈ ಗೆಲುವುಗಳೆಲ್ಲ ಬಂದದ್ದು ಅದರ ನಂತರವೇ. ಬೆನ್ನುನೋವಿನಿಂದ ಬಳಲುತ್ತಿರುವವರು ಮೇಲೆ ಹೇಳಿದ ಅಪಾಯದ ಲಕ್ಷಣಗಳನ್ನು ಮೊದಲು ಪರಿಶೀಲಿಸಿಕೊಳ್ಳಲಿ. ಅವಿದ್ದರೆ ಇಂದೇ ಹೊರಡಲಿ. ಇಲ್ಲದಿದ್ದರೆ ದೇಹಕ್ಕೆ ಅದು ಬೇಡುವ ಕಾಲವನ್ನು ಧೈರ್ಯದಿಂದ ಕೊಡಲಿ.