ಅಕ್ಷರ ಗುರುತಿಸಲು ಕಣ್ಣಿಗೆಷ್ಟು ಹೊತ್ತು?

ಆದೋನಿಯಿಂದ ಸಿರುಗುಪ್ಪ, ಬಳ್ಳಾರಿ ಕಡೆಗೆ ಓಡುವ ಕರ್ನಾಟಕದ ಬಸ್ಸಿಗೆ ಕನ್ನಡ ಬೋರ್ಡು, ಆಂಧ್ರದ ಬಸ್ಸಿಗೆ ತೆಲುಗು ಬೋರ್ಡು. ಎರಡನ್ನೂ ಸಲೀಸಾಗಿ ಓದುವವರು ಈ ಭಾಗದಲ್ಲಿ ಬೇಕಾದಷ್ಟು ಮಂದಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವ ತನಕ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಹೊಳಗುಂದ, ಹಾಲಹರವಿ, ಕೌತಾಳಂ ಕಡೆ ಇಂದಿಗೂ ಮನೆಮಾತು ಕನ್ನಡವಾದ ಕುಟುಂಬಗಳಿವೆ.

ಒಂದು ಲಿಪಿಯನ್ನು ಓದಬಲ್ಲವರ ಕಣ್ಣಿಗೂ ಅದನ್ನು ಅರಿಯದವರ ಕಣ್ಣಿಗೂ ಅದೇ ಅಕ್ಷರ ಒಂದೇ ರೀತಿ ಕಾಣುತ್ತದೆಯೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಪಿ. ಅರುಣ್ ಅವರ ದೃಷ್ಟಿ ಪ್ರಯೋಗಾಲಯ ಈ ಪ್ರಶ್ನೆಯನ್ನು ಅಳತೆಗೆ ಒಗ್ಗಿಸಿದೆ. ಅಳೆಯುವ ಬಗೆ ಗೊತ್ತಾದರೆ ಅರ್ಧ ಸಂಖ್ಯಾಶಾಸ್ತ್ರ ಕಲಿತ ಹಾಗೆಯೇ.

ಅಳೆಯುವುದು ಹೀಗೆ

ತೆರೆಯ ಮೇಲೆ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ಅಕ್ಷರ. 15 ಒಂದೇ ಬಗೆ, ಒಂದು ಮಾತ್ರ ಬೇರೆ. ಆ ಒಂದು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಕೀಲಿ ಒತ್ತಿ ತಿಳಿಸಬೇಕು. ‘ಗ’ಗಳ ನಡುವೆ ‘ಜ’ ಇದ್ದರೆ ಥಟ್ಟನೆ ಸಿಗುತ್ತದೆ. ‘ಧ’ಗಳ ನಡುವೆ ‘ಥ’ ಇದ್ದರೆ ಹುಡುಕಬೇಕು, ಏಕೆಂದರೆ ಅವೆರಡಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ ಅಷ್ಟೆ. ಹೊತ್ತು ಹೆಚ್ಚು ಹಿಡಿದಷ್ಟೂ ಅಕ್ಷರಗಳು ಹೆಚ್ಚು ಹೋಲುತ್ತವೆ ಎಂದರ್ಥ.

ಈ ಹೊತ್ತನ್ನು ತಲೆಕೆಳಗು ಮಾಡಿ, ಅಂದರೆ ಒಂದನ್ನು ಅದರಿಂದ ಭಾಗಿಸಿ ನೋಡಬೇಕೆಂದು ಅರುಣ್ 2012ರಲ್ಲಿ ತೋರಿಸಿದರು. ಅರ್ಧ ಸೆಕೆಂಡಿಗೆ ಸಿಕ್ಕರೆ 2, ಎರಡು ಸೆಕೆಂಡಾದರೆ 0.5. ಹೀಗೆ ಬರುವ ಸಂಖ್ಯೆ ಎರಡು ಆಕೃತಿಗಳ ನಡುವಿನ ದೂರದಂತೆ ವರ್ತಿಸುತ್ತದೆ.

ಇದರಿಂದ ಇನ್ನೊಂದು ಲಾಭವೂ ಇದೆ. ಒಬ್ಬ ಹುಡುಗನ ಐದು ಸುತ್ತಿನ ಹೊತ್ತು 0.9, 1.0, 1.1, 1.0, 6.0 ಸೆಕೆಂಡು ಎಂದುಕೊಳ್ಳಿ. ಕೊನೆಯ ಸುತ್ತಿನಲ್ಲಿ ಯಾರೋ ಕರೆದರು, ಗಮನ ಆ ಕಡೆ ಹೋಯಿತು. ಸರಾಸರಿ 2 ಸೆಕೆಂಡು ಬರುತ್ತದೆ. ಅವನು ಒಂದು ಸುತ್ತನ್ನೂ 2 ಸೆಕೆಂಡಿಗೆ ಮುಗಿಸಿಲ್ಲ! ಹೊತ್ತುಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು, ಅಂದರೆ ನಡುಬೆಲೆಯನ್ನು, ತೆಗೆದುಕೊಂಡರೆ 1.0. ತಲೆಕೆಳಗು ಮಾಡಿ ಸರಾಸರಿ ತೆಗೆದರೆ ಸುಮಾರು 0.84, ಅಂದರೆ ಹೆಚ್ಚುಕಡಿಮೆ 1.2 ಸೆಕೆಂಡಿಗೆ ಸಮ. ಆರು ಸೆಕೆಂಡಿನ ಆ ಒಂದು ಸುತ್ತಿನ ಆಟ ಇಲ್ಲಿ ನಡೆಯುವುದಿಲ್ಲ.

ಯಾರ ಎದುರು ಯಾರು?

ಲೆಕ್ಕಕ್ಕಿಂತ ಮುಖ್ಯ, ಹೋಲಿಕೆಯ ಏರ್ಪಾಡು. ತೆಲುಗು ಓದುವವರು ತೆಲುಗು ಅಕ್ಷರಗಳನ್ನು ಬೇಗ ಹುಡುಕಿದರು ಎನ್ನಿ. ಆ ಗುಂಪಿನವರೇ ಚುರುಕಾಗಿರಬಹುದು. ಅಥವಾ ತೆಲುಗು ಅಕ್ಷರಗಳೇ ಸುಲಭವಿರಬಹುದು. ಆಕಾಶ್ ಅಗ್ರವಾಲ್, ಕೆ.ವಿ.ಎಸ್. ಹರಿ ಮತ್ತು ಅರುಣ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಗುಂಪು: ತೆಲುಗು ಓದುವವರು, ಮಲಯಾಳಂ ಓದುವವರು. ಇಬ್ಬರಿಗೂ ಎರಡೂ ಲಿಪಿ ತೋರಿಸಿದರು. ಒಂದು ಗುಂಪೇ ಚುರುಕಾಗಿದ್ದರೆ ಎರಡೂ ಲಿಪಿಯಲ್ಲಿ ಅದೇ ಮುಂದಿರಬೇಕು. ಒಂದು ಲಿಪಿಯೇ ಸುಲಭವಾಗಿದ್ದರೆ ಇಬ್ಬರಿಗೂ ಅದೇ ಸುಲಭವಾಗಬೇಕು. ಪ್ರತಿ ಗುಂಪೂ ತನ್ನ ಲಿಪಿಯಲ್ಲೇ ಮೇಲುಗೈ ಪಡೆದರೆ, ಅದು ಓದಿನ ಗಳಿಕೆ.

ಆದದ್ದೂ ಹಾಗೆಯೇ. ಅದಕ್ಕಿಂತ ಸ್ವಾರಸ್ಯದ ಸಂಗತಿ ಅಕ್ಷರಜೋಡಿಗಳಲ್ಲಿ ಕಂಡಿತು. ಓದಬಲ್ಲವರ ಕಣ್ಣಿಗೆ ಅಕ್ಕಪಕ್ಕದ ಅಕ್ಷರಗಳು ಒಂದಕ್ಕೊಂದು ಕಡಿಮೆ ಅಡ್ಡಬರುತ್ತವೆ; ಜೋಡಿಯ ಅಂತರವನ್ನು ಬಿಡಿ ಅಕ್ಷರಗಳ ಅಂತರದಿಂದಲೇ ಹೆಚ್ಚು ನಿಖರವಾಗಿ ಲೆಕ್ಕಹಾಕಬಹುದು. ಓದು ಕಲಿತಂತೆ ಪದವೆಲ್ಲ ಒಂದೇ ಚಿತ್ರವಾಗಿ ಕಣ್ಣಿಗೆ ಕೂರುತ್ತದೆ ಎಂಬ ನಂಬಿಕೆಗೆ ಇದು ವಿರುದ್ಧ.

ಆದೋನಿಯಲ್ಲಿ ಮಾಡಿದರೆ?

ಮಲಯಾಳಂ ಜಾಗಕ್ಕೆ ಕನ್ನಡ ಇಟ್ಟರೆ ಏರ್ಪಾಡು ಕೆಡುತ್ತದೆ. ಕನ್ನಡ, ತೆಲುಗು ಎರಡೂ ಒಂದೇ ಹಳೆಯ ಲಿಪಿಯ ಕವಲುಗಳು. ಎಷ್ಟೋ ಅಕ್ಷರಗಳ ಮೈಕಟ್ಟು ಒಂದೇ, ಬೇರೆಯಾಗುವುದು ತಲೆಕಟ್ಟು: ನಮ್ಮದು ಅಡ್ಡಗೆರೆಯಾಗಿ ಕೊನೆಗೆ ಸುರುಳಿ, ತೆಲುಗಿನದು ಮೇಷ್ಟ್ರು ಹಾಕುವ ಸರಿ ಗುರುತಿನಂತೆ. ತೆಲುಗು ಮಾತ್ರ ಕಲಿತವರಿಗೂ ಕನ್ನಡ ಅರ್ಧ ಪರಿಚಿತ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಎರಡೂ ಲಿಪಿ ಬಲ್ಲವರ ಕಣ್ಣಿಗೆ ತಲೆಕಟ್ಟಿನ ವ್ಯತ್ಯಾಸ ಎದ್ದು ಕಾಣುತ್ತದೆಯೋ, ಮಾಸಿಹೋಗುತ್ತದೆಯೋ?

ಗಡಿಭಾಗದ ಶಾಲೆಯಲ್ಲಿ ಈ ಹುಡುಕಾಟದ ಪ್ರಯೋಗವನ್ನು ಕಾಗದದಲ್ಲೇ ಮಾಡಬಹುದು. 16 ಅಕ್ಷರಗಳ ಹಾಳೆಗಳನ್ನು ಬರೆಸಿ. ಬೇರೆ ಅಕ್ಷರದ ಜಾಗವನ್ನು ಚೀಟಿ ಎತ್ತಿ ಗೊತ್ತುಮಾಡಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಅರ್ಧ ಮಕ್ಕಳಿಗೆ ಕನ್ನಡದ ಹಾಳೆ ಮೊದಲು, ಉಳಿದರ್ಧಕ್ಕೆ ತೆಲುಗಿನದು ಮೊದಲು ಕೊಡಿ, ಇಲ್ಲವಾದರೆ ಕೈ ಪಳಗಿದ್ದೇ ಲಿಪಿಯ ಗುಣವಾಗಿ ಕಾಣುತ್ತದೆ. ಒಂದೇ ಮಗುವಿನ ಇಪ್ಪತ್ತು ಸುತ್ತು ಇಪ್ಪತ್ತು ಮಕ್ಕಳಿಗೆ ಸಮವಲ್ಲ. ಮಗುವಿಗೊಂದು ನಡುಬೆಲೆ ತೆಗೆದು, ಆಮೇಲೆ ಮಕ್ಕಳನ್ನು ಹೋಲಿಸಿ. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೂ ಲೆಕ್ಕದಲ್ಲಿ ಸೇರುತ್ತದೆ, ಆದ್ದರಿಂದ ಎರಡೂ ಲಿಪಿಗೆ ಒಬ್ಬರೇ ಒತ್ತಲಿ.