ಸ್ವಿಚ್ ಒತ್ತಿದರೆ ಓಮ್ ಲೆಕ್ಕವೇ ಬೇರೆ

ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿಗಳಲ್ಲಿ ಮೇಜಿನ ಮೂಲೆಗೆ ಒಂದು ಹಳೆಯ ಬೋರ್ಡು ಕೂತಿರುತ್ತದೆ. ಮೇಲೊಂದು ಹೋಲ್ಡರು, ಅದರಲ್ಲಿ 100 ವ್ಯಾಟಿನ ಬುರುಡೆ ಬಲ್ಬು, ಪಕ್ಕದಲ್ಲಿ ಸಾಕೆಟ್ಟು, ಒಂದು ಸ್ವಿಚ್ಚು. ಎಲ್‌ಇಡಿ ಬಂದು ಮನೆಗಳಿಂದ ಈ ಬಲ್ಬು ಕಾಲ್ಕಿತ್ತರೂ ಮೆಕ್ಯಾನಿಕ್ಕುಗಳು ಮಾತ್ರ ಅದನ್ನು ಬಿಟ್ಟುಕೊಟ್ಟಿಲ್ಲ. ಅವರ ಬಾಯಲ್ಲಿ ಇದು ‘ಸೀರೀಸ್ ಬೋರ್ಡು’. ಹತ್ತನೇ ತರಗತಿಯ ಮಕ್ಕಳು ತಿಣುಕಾಡುವ ಒಟ್ಟು ರೋಧದ ಲೆಕ್ಕ ಇಡಿಯಾಗಿ ಈ ಹಲಗೆಯ ಮೇಲಿದೆ.

ಕರೆಂಟು ಮೊದಲು ಬಲ್ಬನ್ನು ಹಾದು, ಆಮೇಲೆ ಸಾಕೆಟ್ಟಿಗೆ ಬರುತ್ತದೆ. 230 ವೋಲ್ಟಿನಲ್ಲಿ ಉರಿಯುವ 100 ವ್ಯಾಟಿನ ಬಲ್ಬಿನ ರೋಧ 529 ಓಮ್. ಸಾಕೆಟ್ಟಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದರೆ ಅದರದ್ದು 52.9. ಎರಡೂ ಸರಣಿಯಲ್ಲಿವೆ, ಕೂಡಿದರೆ ಹತ್ತಿರಹತ್ತಿರ 582 ಓಮ್. ಹರಿಯುವ ಕರೆಂಟು 0.4 ಆಂಪಿಯರ್ ಮುಟ್ಟುವುದಿಲ್ಲ. ವೋಲ್ಟೇಜಿನ ಸಿಂಹಪಾಲು ಬಲ್ಬಿಗೇ ಹೋಗುತ್ತದೆ. ಬಲ್ಬು ಚೆನ್ನಾಗಿಯೇ ಉರಿಯುತ್ತದೆ, ಇಸ್ತ್ರಿಪೆಟ್ಟಿಗೆಗೆ ದಕ್ಕುವುದು ಎಂಟು ವ್ಯಾಟಿನಷ್ಟು. ಕರವಸ್ತ್ರದ ಸುಕ್ಕೂ ಹೋಗದು. ಬಲ್ಬು ಹತ್ತಲೇ ಇಲ್ಲವೆಂದರೆ ಪೆಟ್ಟಿಗೆಯೊಳಗೆ ಎಲ್ಲೋ ದಾರಿ ಕಡಿದಿದೆ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಪ್ರಖರವಾಗಿ ಉರಿಯುತ್ತದೆ, ಆದರೆ ಅಂಗಡಿಯ ಫ್ಯೂಸ್ ಹಾರುವುದಿಲ್ಲ. ಆಗಲೂ ಬಲ್ಬಿನ 529 ಓಮ್ ಕಾವಲಿಗಿದೆಯಲ್ಲ!

ಇನ್ನು ಆ ಸ್ವಿಚ್ಚು. ಅದನ್ನು ಬಲ್ಬಿನ ಎರಡು ತುದಿಗಳ ನಡುವೆ ಅಡ್ಡಲಾಗಿ ಜೋಡಿಸಿರುತ್ತಾರೆ. ಒತ್ತಿದ ಕೂಡಲೇ ಬಲ್ಬು ಆರಿಹೋಗುತ್ತದೆ, ಇಸ್ತ್ರಿಪೆಟ್ಟಿಗೆ ಕಾಯತೊಡಗುತ್ತದೆ. ಬಲ್ಬು ಹೋಲ್ಡರಿನಲ್ಲೇ ಇದೆ, ಕೆಟ್ಟಿಲ್ಲ. ಆದರೂ ಅದರ 529 ಓಮ್ ಲೆಕ್ಕದಿಂದ ಮಾಯ. ರೋಧವೇ ಇಲ್ಲದ ದಾರಿ ಪಕ್ಕದಲ್ಲೇ ತೆರೆದಾಗ ಕರೆಂಟು ಬಲ್ಬಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಒಟ್ಟು ರೋಧ ಈಗ ಬರೀ 52.9.

ಪರೀಕ್ಷೆಯಲ್ಲಿ ಮಕ್ಕಳು ಜಾರುವುದು ಇಲ್ಲೇ. ಚಿತ್ರದಲ್ಲಿ ಕಂಡ ರೋಧಗಳನ್ನೆಲ್ಲ ಸೂತ್ರಕ್ಕೆ ತುಂಬಿಬಿಡುತ್ತಾರೆ. ತಪ್ಪು ಅವರದ್ದೆಂದು ನನಗನ್ನಿಸುವುದಿಲ್ಲ. ನಾವು ಸೂತ್ರವನ್ನು ಬಾಯಿಪಾಠ ಮಾಡಿಸುತ್ತೇವೆ, ದಾರಿ ಹುಡುಕುವುದನ್ನು ಕಲಿಸುವುದಿಲ್ಲ. ತೆರೆದ ಸ್ವಿಚ್ಚಿರುವ ಕವಲನ್ನು ಅಳಿಸಿಬಿಡಬೇಕು. ಮುಚ್ಚಿದ ಸ್ವಿಚ್ಚನ್ನು ಬರೀ ತಂತಿಯೆಂದು ಬರೆದುಕೊಳ್ಳಬೇಕು. ಉಳಿದ ಚಿತ್ರಕ್ಕೆ ಮಾತ್ರ ಸೂತ್ರ.

ಒಂದು ಲೆಕ್ಕ ನೋಡಿ. 12 ವೋಲ್ಟಿನ ಬ್ಯಾಟರಿ, ಅದಕ್ಕೆ ಸರಣಿಯಲ್ಲಿ 4 ಓಮ್. ಮುಂದೆ ದಾರಿ ಕವಲೊಡೆಯುತ್ತದೆ: ಒಂದರಲ್ಲಿ 6 ಓಮ್, ಇನ್ನೊಂದರಲ್ಲಿ 3 ಓಮ್ ಮತ್ತು ಸ್ವಿಚ್ಚು. ಸ್ವಿಚ್ ತೆರೆದಿದ್ದರೆ 3 ಓಮಿನ ಕವಲು ಇದ್ದೂ ಇಲ್ಲದಂತೆ. ಒಟ್ಟು 10 ಓಮ್, ಕರೆಂಟು 1.2 ಆಂಪಿಯರ್. ಮುಚ್ಚಿದರೆ 6 ಮತ್ತು 3 ಸಮಾಂತರವಾಗಿ 2 ಆಗುತ್ತವೆ. ಒಟ್ಟು 6 ಓಮ್, ಕರೆಂಟು 2 ಆಂಪಿಯರ್. ಸಾಮಾನ್ಯವಾಗಿ ಮೇಷ್ಟ್ರು ಇಲ್ಲಿಗೆ ನಿಲ್ಲಿಸುತ್ತಾರೆ. ಸ್ವಾರಸ್ಯ ಇರುವುದು ಮುಂದೆ: 6 ಓಮಿನ ಮೇಲಿದ್ದ 7.2 ವೋಲ್ಟು ಈಗ 4ಕ್ಕೆ ಇಳಿದಿದೆ. ಅದೊಂದು ಬಲ್ಬಾಗಿದ್ದರೆ, ಪಕ್ಕದವನ ಸ್ವಿಚ್ಚು ಬಿದ್ದ ಕ್ಷಣ ಮಂಕಾಗುತ್ತಿತ್ತು.

ಹಳ್ಳಿಯಲ್ಲಿ ಬೆಳೆದವರಿಗೆ ಇದು ಪುಸ್ತಕದ ಮಾತಲ್ಲ. ಒಂದೇ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಎಳೆದ ಉದ್ದನೆಯ ಲೈನಿನ ಕೊನೆಯ ಮನೆಯಲ್ಲಿ, ಪಂಪ್‌ಸೆಟ್ಟುಗಳು ಒಂದೊಂದಾಗಿ ಶುರುವಾದಂತೆ ದೀಪ ಕೆಂಪಗಾಗುತ್ತದೆ. ಮೋಟರು ಬರೀ ರೋಧಕವಲ್ಲ, ನಿಜ. ಆದರೂ ಕತೆ ಅದೇ. ಲೈನಿನ ತಂತಿಯೇ ನಮ್ಮ ಲೆಕ್ಕದ 4 ಓಮು. ಕವಲುಗಳು ಹೆಚ್ಚಿದಷ್ಟೂ ಒಟ್ಟು ರೋಧ ತಗ್ಗುತ್ತದೆ, ಕರೆಂಟು ಏರುತ್ತದೆ, ತಂತಿಯೇ ನುಂಗುವ ವೋಲ್ಟೇಜೂ ಏರುತ್ತದೆ.

ಈ ಗುಣವನ್ನೇ ಜಾಣತನದಿಂದ ದುಡಿಸಿಕೊಂಡಿದ್ದು ಮೂರು ಹಂತದ ತಿರುಗು ಸ್ವಿಚ್ಚಿನ ಹಾಟ್‌ಪ್ಲೇಟು. ಕಾಲೇಜು ಪ್ರಯೋಗಾಲಯಗಳಲ್ಲಿ ಈಗಲೂ ಕಾಣಸಿಗುತ್ತದೆ. ಒಳಗಿರುವುದು ಎರಡೇ ಕಾಯಿಲ್. ತಲಾ 1000 ವ್ಯಾಟಿನವು ಎಂದುಕೊಳ್ಳಿ. ಮೊದಲ ಹಂತದಲ್ಲಿ ಎರಡೂ ಸರಣಿಯಲ್ಲಿ: 105.8 ಓಮ್, 500 ವ್ಯಾಟ್. ಎರಡನೆಯದರಲ್ಲಿ ಒಂದೇ ಕಾಯಿಲ್: 52.9 ಓಮ್, 1000 ವ್ಯಾಟ್. ಮೂರನೆಯದರಲ್ಲಿ ಎರಡೂ ಸಮಾಂತರ: 26.45 ಓಮ್, 2000 ವ್ಯಾಟ್. ಕನಿಷ್ಠ ಶಾಖಕ್ಕೂ ಗರಿಷ್ಠ ಶಾಖಕ್ಕೂ ಅವೇ ಎರಡು ಕಾಯಿಲ್‌ಗಳು. ಬದಲಾಗಿದ್ದು ಸ್ವಿಚ್ಚು ಮಾಡಿಕೊಟ್ಟ ದಾರಿ. ಜರ್ಮನಿಯ ಶಾಲಾ ಮೇಷ್ಟ್ರು ಗೆಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ಕಾಫಿಗೆ ನೀರು ಕಾಯಿಸುತ್ತದೆ.

ಇದನ್ನು ಕಣ್ಣಾರೆ ನೋಡಲು ಒಂದು ಅಗ್ಗದ ಮಲ್ಟಿಮೀಟರ್ ಸಾಕು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದರ ದಪ್ಪನೆಯ ಅರ್ಥ್ ಪಿನ್ನು ಬಿಟ್ಟು ಉಳಿದೆರಡಕ್ಕೆ ಮೀಟರಿನ ಕಡ್ಡಿ ಮುಟ್ಟಿಸಿ. ಪೆಟ್ಟಿಗೆಯ ಗುಂಡಿ ‘ಆಫ್’ನಲ್ಲಿದ್ದರೆ ಇಂಥ ಮೀಟರುಗಳ ಪರದೆಯ ಎಡಬದಿಗೆ ಒಂಟಿ 1 ಕಾಣಿಸುತ್ತದೆ. ಅದು ಒಂದು ಓಮ್ ಅಲ್ಲ, ದಾರಿಯೇ ಇಲ್ಲವೆಂದು ಅರ್ಥ. ಗುಂಡಿಯನ್ನು ‘ಟಕ್’ ಅನ್ನುವವರೆಗೆ ತಿರುಗಿಸಿ. 1000 ವ್ಯಾಟಿನದ್ದಾದರೆ 50ರ ಆಸುಪಾಸಿನ ಅಂಕಿ ಬರುತ್ತದೆ. ಬಲ್ಬಿನಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. ತಣ್ಣಗಿರುವ 100 ವ್ಯಾಟಿನ ಬಲ್ಬು 40 ಓಮಿನಷ್ಟನ್ನೇ ತೋರಿಸುತ್ತದೆ; ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ದಾಟಿ ಕಾದ ಮೇಲಷ್ಟೇ 529.

ಮಕ್ಕಳಿಗೆ ತೋರಿಸುವ ಮುನ್ನ ಒಂದು ಎಚ್ಚರಿಕೆ: ಓಮ್ ಅಳೆಯುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಕೈಯಲ್ಲೇ ಇರಬೇಕು. ಸೀರೀಸ್ ಬೋರ್ಡಿನ ಪ್ರಯೋಗವನ್ನಂತೂ ಮೆಕ್ಯಾನಿಕ್ಕಿಗೇ ಬಿಡಿ, ಪಕ್ಕದಲ್ಲಿ ನಿಂತು ನೋಡಿ.