ಗಣಕಜಾಲದಲ್ಲಿ ಸಂಚಾರಿ ಪ್ರೊಫೈಲ್: ಸ್ವರೂಪ ಮತ್ತು ನಿರ್ವಹಣೆ

ಗಣಕಯಂತ್ರಗಳು ಕಡಿಮೆಯಿದ್ದು ಬಳಸುವವರು ಹೆಚ್ಚಾಗಿರುವ ಸಂಸ್ಥೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಯಂತ್ರವನ್ನು ಮೀಸಲಿಡುವುದು ಸಾಧ್ಯವಾಗದು. ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ಕುಳಿತ ಅಧ್ಯಾಪಕರು ಮಧ್ಯಾಹ್ನ ಕಚೇರಿಯ ಯಂತ್ರವನ್ನು ಆಶ್ರಯಿಸಬೇಕಾಗುತ್ತದೆ. ಅಲ್ಲಿಯೂ ತಮ್ಮ ಕಡತಗಳು, ತಾವು ಮಾಡಿಕೊಂಡ ಏರ್ಪಾಡುಗಳು ದೊರೆಯಬೇಕೆಂಬ ಅಪೇಕ್ಷೆ ಸಹಜವೇ. ಈ ಅಪೇಕ್ಷೆಯನ್ನು ಪೂರೈಸಲು ವಿಂಡೋಸ್ ಜಾಲಗಳಲ್ಲಿ ರೂಪುಗೊಂಡ ವ್ಯವಸ್ಥೆಯೇ ರೋಮಿಂಗ್ ಪ್ರೊಫೈಲ್, ಅಂದರೆ ಸಂಚಾರಿ ಪ್ರೊಫೈಲ್.

ಒಬ್ಬ ಬಳಕೆದಾರನ ಕಡತಗಳು, ಪರದೆಯ ವಿನ್ಯಾಸ, ತಂತ್ರಾಂಶಗಳ ಆಯ್ಕೆಗಳು ಇವೆಲ್ಲದರ ಸಮೂಹಕ್ಕೆ ಪ್ರೊಫೈಲ್ ಎಂದು ಹೆಸರು. ಆಯ್ಕೆಗಳ ಬಹುಭಾಗವು ಎನ್‌ಟಿಯೂಸರ್.ಡ್ಯಾಟ್ ಎಂಬ ಒಂದೇ ಕಡತದಲ್ಲಿ ಅಡಗಿರುತ್ತದೆ. ವರ್ಗವಾದ ಉಪಾಧ್ಯಾಯರು ತಮ್ಮ ಟ್ರಂಕನ್ನು ಊರಿಂದೂರಿಗೆ ಒಯ್ಯುವಂತೆ ಇದೂ ಯಂತ್ರದಿಂದ ಯಂತ್ರಕ್ಕೆ ಸಾಗುತ್ತದೆಯೆನ್ನಬಹುದು. ಆದರೆ ಈ ಉಪಮೆ ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ಸಾಗುವುದು ಟ್ರಂಕಲ್ಲ, ಅದರ ಪ್ರತಿ. ಲಾಗಿನ್ ಆದಾಗ ಸರ್ವರಿನಲ್ಲಿರುವ ಪ್ರತಿ ಯಂತ್ರಕ್ಕೆ ಇಳಿಯುತ್ತದೆ; ಲಾಗಾಫ್ ಆದಾಗ ಬದಲಾದ ಅಂಶಗಳು ಸರ್ವರಿಗೆ ಹಿಂದಿರುಗುತ್ತವೆ. ಗುಣವೂ ದೋಷವೂ ಇದರಿಂದಲೇ ಹುಟ್ಟುತ್ತವೆ.

ಅಂಕಪಟ್ಟಿ ಸಿದ್ಧಪಡಿಸುವ ದಿನವನ್ನು ಕಲ್ಪಿಸಿಕೊಳ್ಳೋಣ. ಗುಮಾಸ್ತರೊಬ್ಬರು ಮೊದಲನೆಯ ಯಂತ್ರದಲ್ಲಿ ಗಣಿತದ ಅಂಕಗಳನ್ನು ತುಂಬಿ, ಲಾಗಾಫ್ ಮಾಡದೆ ಎದ್ದುಹೋದರು. ಎರಡನೆಯ ಯಂತ್ರದಲ್ಲಿ ಅವರಿಗೆ ದೊರೆತದ್ದು ಸರ್ವರಿನ ಹಳೆಯ ಪ್ರತಿ. ಅದರಲ್ಲಿ ಕನ್ನಡದ ಅಂಕಗಳನ್ನು ತುಂಬಿ ಲಾಗಾಫ್ ಮಾಡಿದರು. ಸಂಜೆ ಮೊದಲನೆಯ ಯಂತ್ರಕ್ಕೆ ಮರಳಿ, ಅಲ್ಲಿನ ಪಟ್ಟಿಯನ್ನು ಉಳಿಸಿ ಲಾಗಾಫ್ ಮಾಡಿದರು. ಕೊನೆಯಲ್ಲಿ ಉಳಿಸಿದ ಪ್ರತಿಯೇ ಸರ್ವರಿನಲ್ಲಿ ನಿಂತಿತು. ಕನ್ನಡದ ಅಂಕಗಳು ಅಳಿಸಿಹೋದವು. ಯಂತ್ರ ಕೆಟ್ಟಿಲ್ಲ, ಯಾರೂ ಅಳಿಸಿಲ್ಲ. ಆದರೂ ವಿದ್ಯಾರ್ಥಿಗಳ ಅಂಕ ನಷ್ಟವಾಯಿತು. ಆದುದರಿಂದ ಒಬ್ಬರು ಏಕಕಾಲಕ್ಕೆ ಎರಡು ಯಂತ್ರಗಳಲ್ಲಿ ಇರಬಾರದೆಂಬುದು ಮೊದಲ ನಿಯಮ.

ಎರಡನೆಯ ತೊಂದರೆ ಗಾತ್ರದ್ದು. ಭಾವಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ಪ್ರೊಫೈಲಿನಲ್ಲಿ ತುಂಬಿದರೆ ಲಾಗಿನ್ ನಿಧಾನವಾಗುತ್ತದೆ. ಬೆಳಗಿನ ಮೊದಲ ಗಂಟೆಯಲ್ಲಿ ಇಡೀ ಜಾಲವೇ ಬಳಲುತ್ತದೆ. ಇದಕ್ಕೆ ವಿಂಡೋಸ್ 2000ದೊಂದಿಗೆ ಬಂದ ಫೋಲ್ಡರ್ ರೀಡೈರೆಕ್ಷನ್ ಉತ್ತಮ ಪರಿಹಾರ. ಇದರಲ್ಲಿ ಕಡತಗಳು ಸರ್ವರಿನಲ್ಲಿಯೇ ನೆಲೆಸಿ ಅಲ್ಲಿಂದಲೇ ತೆರೆಯುತ್ತವೆ, ಆಯ್ಕೆಗಳಷ್ಟೇ ಸಂಚರಿಸುತ್ತವೆ. ಆಗ ಮೇಲೆ ಹೇಳಿದ ಅಂಕಪಟ್ಟಿಯ ಅನಾಹುತವೂ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಸರ್ವರಿನ ಮೇಲಿನ ಅವಲಂಬನೆ ಹೆಚ್ಚುವುದರಿಂದ, ಅದರ ಕಡತಗಳ ಮರುಪ್ರತಿಯನ್ನು ಬೇರೊಂದು ಸ್ಥಳದಲ್ಲಿ ನಿತ್ಯವೂ ಕಾಯ್ದಿಡುವುದು ಅನಿವಾರ್ಯ.

ದಾನಿಗಳು ಗಮನಿಸಬೇಕಾದ ಸಂಗತಿಯೊಂದುಂಟು. ವಿಂಡೋಸ್ 7ರ ಪ್ರೊಫೈಲ್ ಸರ್ವರಿನಲ್ಲಿ .ವಿ2 ಎಂಬ ಅಂತ್ಯವುಳ್ಳ ಫೋಲ್ಡರಿನಲ್ಲಿಯೂ, ವಿಂಡೋಸ್ 10ರ 1607ನೆಯ ಆವೃತ್ತಿಯಿಂದೀಚಿನದು .ವಿ6 ಎಂಬುದರಲ್ಲಿಯೂ ಇರುತ್ತದೆ. ಒಂದರ ಏರ್ಪಾಡು ಇನ್ನೊಂದಕ್ಕೆ ಸಾಗದು. ಬೇರೆಬೇರೆ ಕಾಲದ ಯಂತ್ರಗಳು ಬೆರೆತರೆ ಒಬ್ಬರಿಗೇ ಎರಡು ಪ್ರೊಫೈಲ್‌ಗಳಾಗುತ್ತವೆ. ಒಂದೇ ಆವೃತ್ತಿಯ ಯಂತ್ರಗಳನ್ನು ಒದಗಿಸುವುದು ಹೆಚ್ಚು ಪ್ರಯೋಜನಕರ.

ಕೊನೆಯದಾಗಿ ಒಂದು ಎಚ್ಚರಿಕೆ. ಪ್ರೊಫೈಲ್ ತೆರೆಯಲಾಗದಿದ್ದಾಗ ವಿಂಡೋಸ್ ತಾತ್ಕಾಲಿಕ ಪ್ರೊಫೈಲೊಂದನ್ನು ಕೊಡುತ್ತದೆ; ಅದರಲ್ಲಿ ಉಳಿಸಿದ್ದೆಲ್ಲವೂ ಲಾಗಾಫ್ ಆದೊಡನೆ ಅಳಿದುಹೋಗುತ್ತದೆ. ಪರಿಚಿತವಾದ ಪರದೆ ಕಾಣದಿದ್ದರೆ ಕೆಲಸವನ್ನು ಆರಂಭಿಸದೆ ಜಾಲದ ಮೇಲ್ವಿಚಾರಕರಿಗೆ ತಿಳಿಸುವುದು ಲೇಸು. ಒಂದು ನಿಮಿಷದ ಈ ತಾಳ್ಮೆ ಒಂದು ದಿನದ ಶ್ರಮವನ್ನು ಉಳಿಸೀತು.